ಪಿಎಚ್‌ಕ್ಯು-9 ಬಳಸಿ ವಿಕಲಚೇತನರನ್ನೂ ಇತರರನ್ನೂ ಹೋಲಿಸಬಹುದೇ? (ಸ್ಯಾಂಪಲ್ 400)

ಹಂಸಪಾದ:
ಸ್ನಾತಕೋತ್ತರ ಪ್ರಬಂಧಕ್ಕಾಗಿ ಆನ್‌ಲೈನ್ ಸರ್ವೆ ಸಿದ್ಧಪಡಿಸುತ್ತಿದ್ದೇನೆ. ಖಿನ್ನತೆಯ ಲಕ್ಷಣಗಳಿಗೆ ಪಿಎಚ್‌ಕ್ಯು-9 (ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0 'ಇಲ್ಲವೇ ಇಲ್ಲ', 1 'ಹಲವು ದಿನ' ಹೀಗೆ 3 'ಹೆಚ್ಚುಕಡಿಮೆ ಪ್ರತಿದಿನ'ದವರೆಗೆ ಅಂಕ), ಈಗಾಗಲೇ ಬಳಕೆಯಲ್ಲಿರುವ ಅನುವಾದ. ಒಟ್ಟು 400 ಜನ, ಅವರಲ್ಲಿ ವಿಕಲಚೇತನರು ಸುಮಾರು 60 ಮಂದಿ ಸಿಗಬಹುದೆಂಬ ಅಂದಾಜು. ಎರಡೂ ಗುಂಪಿನ ಸರಾಸರಿಯನ್ನು ಟಿ-ಪರೀಕ್ಷೆಯಿಂದ ಹೋಲಿಸುವ ಯೋಚನೆ. ನೈತಿಕ ಸಮಿತಿಗೆ ಅರ್ಜಿ ಕೊಡುವ ಮೊದಲು ಕೇಳಬೇಕಿರುವುದು: ಈ ಹೋಲಿಕೆ ನಿಲ್ಲುತ್ತದೆಯೇ? 60 ಜನ ಸಾಕೇ? ಅಂಗವೈಕಲ್ಯ ಮತ್ತು ಲಿಂಗದ ಬಗ್ಗೆ ಯಾರಿಗೂ ಮುಜುಗರವಾಗದಂತೆ ಪ್ರಶ್ನೆ ಕೇಳುವುದು ಹೇಗೆ?

ಅಳತೆಗೋಲು:
ಟಿ-ಪರೀಕ್ಷೆಯ ಮಾತು ಆಮೇಲೆ. ಮೊದಲು ಆ ಒಂಬತ್ತು ಐಟಂಗಳನ್ನು (ಪ್ರಶ್ನೆಗಳನ್ನು) ನಿಮ್ಮ 60 ಜನರ ಜಾಗದಲ್ಲಿ ಕೂತು ಓದಿ ನೋಡಿ.

7ನೇ ಐಟಂ ಏಕಾಗ್ರತೆಯನ್ನು ಕೇಳುತ್ತದೆ, ಉದಾಹರಣೆಗೆ ಕೊಡುವುದು ಪತ್ರಿಕೆ ಓದುವುದನ್ನು ಮತ್ತು ಟಿವಿ ನೋಡುವುದನ್ನು. ದೃಷ್ಟಿ ಇಲ್ಲದವರು ಇದಕ್ಕೆ ಏನೆಂದು ಉತ್ತರಿಸಬೇಕು? 8ನೇ ಐಟಂ ಇನ್ನೂ ಕಷ್ಟದ್ದು: ಬೇರೆಯವರ ಗಮನಕ್ಕೆ ಬರುವಷ್ಟು ನಿಧಾನವಾಗಿ ಓಡಾಡುವುದು ಅಥವಾ ಮಾತಾಡುವುದು, ಇಲ್ಲವೇ ಅದಕ್ಕೆ ವಿರುದ್ಧವಾಗಿ ವಿಪರೀತ ಚಡಪಡಿಕೆ. ಊರುಗೋಲು ಹಿಡಿದು ನಡೆಯುವವರು, ತೊದಲುವವರು ಮನಸ್ಸು ನೆಮ್ಮದಿಯಾಗಿದ್ದರೂ ಇಲ್ಲಿ 2 ಅಥವಾ 3 ಗುರುತು ಹಾಕಬಹುದು. ನಿದ್ದೆಯ 3ನೇ ಐಟಂ, ಸುಸ್ತಿನ 4ನೇ ಐಟಂ ದೀರ್ಘಕಾಲದ ನೋವಿನೊಂದಿಗೆ ಹೆಣೆದುಕೊಂಡಿವೆ. ಹೀಗೆ ನಾಲ್ಕು ಐಟಂಗಳಲ್ಲಿ ಒಂದೊಂದು ಅಂಕ ಹೆಚ್ಚಿದರೂ ಮೊತ್ತಕ್ಕೆ 4 ಅಂಕ ಸೇರುತ್ತದೆ. ಮಾಪಕದ ಗರಿಷ್ಠ ಮೊತ್ತ 27, ಸಾಮಾನ್ಯವಾಗಿ ಬಳಸುವ ಕಡಿತದ ಅಂಕ (ಅಷ್ಟು ಅಥವಾ ಹೆಚ್ಚು ಬಂದರೆ ಖಿನ್ನತೆ ಇರಬಹುದೆಂದು ಎಣಿಸುವ ಗಡಿ) 10. ಅಂಥ ಕಡೆ 4 ಅಂಕ ಸಣ್ಣದಲ್ಲ. ದೇಹದ ಸ್ಥಿತಿಯನ್ನೇ ಖಿನ್ನತೆಯೆಂದು ಎಣಿಸಿ, 'ವಿಕಲಚೇತನರಲ್ಲಿ ಖಿನ್ನತೆ ಹೆಚ್ಚು' ಎಂದು ಬರೆದುಬಿಡುವ ಅಪಾಯ ಇರುವುದು ಇಲ್ಲೇ.

ಆದ್ದರಿಂದ ಸರ್ವೆಗೆ ಮುಂಚೆ ಅರಿವಿನ ಸಂದರ್ಶನ ಮಾಡಿ, ಅಂದರೆ ಪ್ರಶ್ನೆಯನ್ನು ಜನ ಹೇಗೆ ಅರ್ಥಮಾಡಿಕೊಂಡು ಉತ್ತರಿಸುತ್ತಾರೆ ಎಂದು ಕೂತು ಕೇಳಿ. ದೃಷ್ಟಿ, ಶ್ರವಣ, ಚಲನೆ ಹೀಗೆ ಒಂದೊಂದು ಬಗೆಯ ತೊಂದರೆಗೂ ಪ್ರತಿ ಸುತ್ತಿನಲ್ಲಿ 5ರಿಂದ 8 ಜನ. ಪ್ರತಿ ಐಟಂ ಆದಮೇಲೆ ಕೇಳಿ: 'ಉತ್ತರಿಸುವಾಗ ಯಾವ ಸಂದರ್ಭ ನೆನಪಿಗೆ ಬಂತು?', '14 ದಿನದಲ್ಲಿ ಎಷ್ಟು ದಿನವಾದರೆ ನಿಮ್ಮ ಲೆಕ್ಕದಲ್ಲಿ ಹಲವು ದಿನ?'. 'ಪ್ರಶ್ನೆ ಅರ್ಥವಾಯಿತೇ' ಎಂದು ಮಾತ್ರ ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ, ನಿಮಗೆ ಏನೂ ತಿಳಿಯುವುದಿಲ್ಲ. ಉದಾಹರಣೆ ಬದಲಿಸಲೇಬೇಕೆಂದು ಕಂಡುಬಂದರೆ ಎರಡೂ ಗುಂಪಿಗೆ ಒಂದೇ ರೀತಿ ಬದಲಿಸಿ, ಬದಲಿಸಿದ್ದನ್ನು ವರದಿಯಲ್ಲಿ ಹೇಳಿ. ಒಂದು ಗುಂಪಿಗೆ ಮಾತ್ರ ಬದಲಿಸಿದರೆ ಹೋಲಿಕೆಗೆ ಆಧಾರವೇ ಉಳಿಯುವುದಿಲ್ಲ.

ಗಣಕಸಾರ:
ಸಂಖ್ಯೆಯ ಕಡೆಯಿಂದ ನೋಡೋಣ. 60 ಮತ್ತು 340 ಜನರ ಸರಾಸರಿ ವ್ಯತ್ಯಾಸದ ಮಾನಕ ದೋಷ (ಅಂದಾಜು ಎಷ್ಟು ಅತ್ತಿತ್ತ ಆಗಬಹುದು ಎಂಬುದು) ಸುಮಾರು 0.14 ಮಾನಕ ವಿಚಲನೆ (ಜನರ ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬುದರ ಅಳತೆ). ನಿಜವಾದ ವ್ಯತ್ಯಾಸ 0.3 ಮಾನಕ ವಿಚಲನೆ ಇದ್ದರೂ ಅದನ್ನು ಹಿಡಿಯುವ ಸಂಭವನೀಯತೆ ಸುಮಾರು 57%. ಅದೇ 400 ಜನರನ್ನು 150 ಮತ್ತು 250 ಎಂದು ಹಂಚಿಕೊಂಡರೆ ಮಾನಕ ದೋಷ 0.10ರ ಆಸುಪಾಸಿಗೆ ಇಳಿದು, ಸಂಭವನೀಯತೆ 80% ದಾಟುತ್ತದೆ. ಒಬ್ಬರನ್ನೂ ಹೆಚ್ಚಿಗೆ ಸೇರಿಸದೆ ಇಷ್ಟು ಲಾಭ! 'ಸಿಕ್ಕಷ್ಟು ಸಿಗಲಿ' ಎಂದು ಬಿಡದೆ ಸಣ್ಣ ಗುಂಪಿಗೆ ಮೊದಲೇ ಕೋಟಾ ಇಡಿ. ಇಡೀ ಜನಸಮುದಾಯದ ಸರಾಸರಿಯನ್ನೂ ಹೇಳುವ ಉದ್ದೇಶವಿದ್ದರೆ ಆಗ ಪ್ರತಿ ಗುಂಪಿಗೂ ಜನಸಮುದಾಯದಲ್ಲಿ ಅದಕ್ಕಿರುವ ಪಾಲಿನಷ್ಟು ತೂಕ ಹಾಕಬೇಕಾಗುತ್ತದೆ.

ಅಳತೆಗೋಲು ಅವರು ಹೇಳಿದ ಆತಂಕವನ್ನು ಪರೀಕ್ಷಿಸುವ ದಾರಿ ಮಾಪನ ಸಮಾನತೆ, ಅಂದರೆ ಎರಡೂ ಗುಂಪಿನಲ್ಲಿ ಮಾಪಕ ಒಂದೇ ಸಂಗತಿಯನ್ನು ಒಂದೇ ರೀತಿ ಅಳೆಯುತ್ತದೆಯೇ ಎಂದು ನೋಡುವುದು. ಮೊದಲು ಎರಡೂ ಗುಂಪಿನಲ್ಲಿ ಒಂದೇ ರಚನೆ ಇದೆಯೇ ಎಂದು ನೋಡುವುದು, ಆಮೇಲೆ ಲೋಡಿಂಗ್‌ಗಳು (ಐಟಂ ಖಿನ್ನತೆಯೊಂದಿಗೆ ಎಷ್ಟು ಬಿಗಿಯಾಗಿ ಸೇರಿದೆ), ಇಂಟರ್ಸೆಪ್ಟ್‌ಗಳು (ಖಿನ್ನತೆ ಒಂದೇ ಮಟ್ಟದಲ್ಲಿದ್ದಾಗ ಐಟಂಗೆ ಬರುವ ಅಂಕ) ಸಮಾನವೇ ಎಂದು ನೋಡುವುದು ವಾಡಿಕೆಯ ಕ್ರಮ. ಆದರೆ ಪಿಎಚ್‌ಕ್ಯು-9ರಲ್ಲಿ ಉತ್ತರಗಳು 0ರಿಂದ 3, ಬರೀ ನಾಲ್ಕು ಮೆಟ್ಟಿಲು. ಇವನ್ನು ನಿರಂತರ ಅಂಕಗಳೆಂದು ಭಾವಿಸಬೇಡಿ. ಮೆಟ್ಟಿಲಿನ ಉತ್ತರಗಳಿಗೆ ಹೊಂದುವ ಡಬ್ಲ್ಯುಎಲ್‌ಎಸ್‌ಎಮ್‌ವಿ ಎಂಬ ಅಂದಾಜು ವಿಧಾನ ಬಳಸಿ, 2016ರಲ್ಲಿ ವು ಮತ್ತು ಎಸ್ಟಾಬ್ರೂಕ್ ತೋರಿಸಿದಂತೆ ಮೊದಲು ಥ್ರೆಶೋಲ್ಡ್ (ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ದಾಟುವ ಗಡಿ), ನಂತರ ಲೋಡಿಂಗ್ ಸಮಾನಗೊಳಿಸಿ. 'ಆರ್' ತಂತ್ರಾಂಶದಲ್ಲಿ ಲಾವಾನ್ ಪ್ಯಾಕೇಜಿನ ಜೊತೆಗೆ ಸೆಮ್‌ಟೂಲ್ಸ್ ಹಾಕಿಕೊಂಡರೆ ಇದು ಸಾಧ್ಯ. ಸಿಎಫ್‌ಐ (ಮಾದರಿ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂಬ ಸೂಚ್ಯಂಕ) 0.01ಕ್ಕಿಂತ ಹೆಚ್ಚು ಕುಸಿಯಬಾರದು ಎಂಬ ಪ್ರಸಿದ್ಧ ನಿಯಮ (ಚೆಂಗ್ ಮತ್ತು ರೆನ್ಸ್‌ವೋಲ್ಡ್, 2002) ನಿರಂತರ ದತ್ತಾಂಶಕ್ಕೆಂದು ಬಂದದ್ದು. ಇಲ್ಲಿ ಅದನ್ನೇ ತೀರ್ಪಾಗಿ ಹಿಡಿಯಬೇಡಿ, ಯಾವ ಐಟಂ ಎಷ್ಟು ಸರಿದಿದೆ ಎಂದು ನೋಡಿ.

ಇಲ್ಲಿ ಕೈಕೊಡುವ ಒಂದು ಸಂಗತಿ: 60 ಜನರಲ್ಲಿ ಯಾರೊಬ್ಬರೂ 9ನೇ ಐಟಂಗೆ 'ಹೆಚ್ಚುಕಡಿಮೆ ಪ್ರತಿದಿನ' ಎನ್ನದಿದ್ದರೆ ಆ ಮೆಟ್ಟಿಲು ಖಾಲಿ, ಅದರ ಥ್ರೆಶೋಲ್ಡ್ ಅಂದಾಜಿಸಲಾಗದೆ ಮಾದರಿ ನಿಂತುಹೋಗುತ್ತದೆ. ಆಗ ಮೆಟ್ಟಿಲುಗಳನ್ನು ಎರಡೂ ಗುಂಪಿನಲ್ಲಿ ಒಂದೇ ರೀತಿ ಸೇರಿಸಬೇಕು. ಕೋಟಾ ಇಟ್ಟರೂ ಗುಂಪು ಚಿಕ್ಕದಾಗಿಯೇ ಉಳಿದರೆ ಮಿಮಿಕ್ ಮಾದರಿ (ಎಲ್ಲರನ್ನೂ ಒಟ್ಟಿಗೆ ಇಟ್ಟು, ಗುಂಪನ್ನು ಒಂದು ಚರಾಂಶವಾಗಿ ಸೇರಿಸುವುದು) ಹಾಕಿ, ಗುಂಪಿನಿಂದ ಐಟಂಗೆ ನೇರ ಪರಿಣಾಮ ಇದೆಯೇ ನೋಡಿ. ಇದಕ್ಕೆ ಕಡಿಮೆ ಜನ ಸಾಕು, ಆದರೆ ಅಂಕಗಳು ಎಲ್ಲ ಮಟ್ಟದಲ್ಲೂ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಮಾತ್ರ ಅದು ಹಿಡಿಯುತ್ತದೆ.

ಹಂಸಪಾದ:
ಹಾಗಾದರೆ 7 ಮತ್ತು 8ನ್ನು ತೆಗೆದುಹಾಕಿ ಏಳೇ ಐಟಂ ಬಳಸಿದರೆ ಸುಲಭವಲ್ಲವೇ?

ಗಣಕಸಾರ:
ಬೇಡ. ಮೊತ್ತ 21ಕ್ಕೆ ಇಳಿದು 10ರ ಕಡಿತಕ್ಕೆ ಅರ್ಥ ಉಳಿಯುವುದಿಲ್ಲ, ಬೇರೆ ಅಧ್ಯಯನಗಳೊಂದಿಗೆ ಹೋಲಿಸುವ ದಾರಿಯೂ ಮುಚ್ಚುತ್ತದೆ. ಒಂಬತ್ತನ್ನೂ ಕೇಳಿ. ವಿಶ್ಲೇಷಣೆಯಲ್ಲಿ ಆ ಎರಡನ್ನು ಮಾತ್ರ ಗುಂಪಿಗೊಂದರಂತೆ ಸಡಿಲ ಬಿಡಿ, ಅಂದರೆ ಅವುಗಳ ಲೋಡಿಂಗ್, ಥ್ರೆಶೋಲ್ಡ್ ಎರಡೂ ಗುಂಪಿನಲ್ಲಿ ಒಂದೇ ಆಗಿರಬೇಕೆಂದು ಕಟ್ಟಿಹಾಕಬೇಡಿ. ಒಂಬತ್ತು ಐಟಂಗಳ ಫಲಿತಾಂಶ, ಸಡಿಲ ಬಿಟ್ಟ ಮಾದರಿಯ ಫಲಿತಾಂಶ ಎರಡನ್ನೂ ಪಕ್ಕಪಕ್ಕ ಕೊಡಿ. ಯಾವ ಐಟಂ ಸಡಿಲ ಬಿಡುತ್ತೀರಿ ಎಂಬುದು ದತ್ತಾಂಶ ನೋಡುವ ಮುಂಚೆಯೇ ಪೂರ್ವನೋಂದಣಿಯಲ್ಲಿ (ವಿಶ್ಲೇಷಣೆಯ ಯೋಜನೆಯನ್ನು ಮೊದಲೇ ದಾಖಲಿಸಿಡುವುದು) ಇರಲಿ.

ತೆರೆದಬಾಗಿಲು:
ಅಂಗವೈಕಲ್ಯದ ಪ್ರಶ್ನೆಗೆ ವಾಷಿಂಗ್ಟನ್ ಗ್ರೂಪ್‌ನ (ಅಂಗವೈಕಲ್ಯದ ಅಂಕಿಅಂಶಕ್ಕಾಗಿ ಇರುವ ಅಂತರರಾಷ್ಟ್ರೀಯ ತಂಡ) ಕಿರು ಪಟ್ಟಿ ಬಳಸಿ. ಆರು ಪ್ರಶ್ನೆ: ನೋಡುವುದು, ಕೇಳುವುದು, ನಡೆಯುವುದು ಅಥವಾ ಮೆಟ್ಟಿಲು ಹತ್ತುವುದು, ನೆನಪು ಅಥವಾ ಏಕಾಗ್ರತೆ, ಸ್ವಂತ ಆರೈಕೆ, ಸಂವಹನ. ಉತ್ತರ ನಾಲ್ಕು ಹಂತದಲ್ಲಿ: ತೊಂದರೆ ಇಲ್ಲ, ಸ್ವಲ್ಪ ತೊಂದರೆ, ತುಂಬಾ ತೊಂದರೆ, ಸಾಧ್ಯವೇ ಇಲ್ಲ. ಒಂದರಲ್ಲಾದರೂ 'ತುಂಬಾ ತೊಂದರೆ' ಅಥವಾ ಅದಕ್ಕೂ ಹೆಚ್ಚು ಎಂದವರನ್ನು ಆ ಗುಂಪಿಗೆ ಸೇರಿಸುವುದು ಪದ್ಧತಿ. 'ನೀವು ಅಂಗವಿಕಲರೇ' ಎಂದು ಎಲ್ಲೂ ಕೇಳುವುದಿಲ್ಲ, ಮುಜುಗರ ಕಡಿಮೆಯಾಗುವುದು ಅದರಿಂದಲೇ.

ಆದರೆ ನಿಮ್ಮ ಅಧ್ಯಯನಕ್ಕೆ ಇದರಲ್ಲೊಂದು ಸಿಕ್ಕು ಇದೆ. ನೆನಪು-ಏಕಾಗ್ರತೆಯ ಪ್ರಶ್ನೆ ಪಿಎಚ್‌ಕ್ಯು-9ರ 7ನೇ ಐಟಂನ ನೆರಳೇ. ಅದೊಂದರಿಂದಲೇ ಗುಂಪಿಗೆ ಬಂದವರಲ್ಲಿ ಖಿನ್ನತೆಯ ಅಂಕ ಹೆಚ್ಚಿರುವುದು ಸಹಜ, ಅದನ್ನು ಹೊಸ ಶೋಧನೆ ಎನ್ನಲಾಗದು. ಅವರನ್ನು ಬಿಟ್ಟು ಇನ್ನೊಮ್ಮೆ ವಿಶ್ಲೇಷಿಸಿ ನೋಡಿ. ಇನ್ನು ಕಿವುಡರು, ಕುರುಡರು, ಗಾಲಿಕುರ್ಚಿ ಬಳಸುವವರು ಎಲ್ಲರನ್ನೂ ಕಲಸಿ ಒಂದು ಸರಾಸರಿ ತೆಗೆದರೆ ಅದು ಯಾರ ಸರಾಸರಿಯೂ ಅಲ್ಲ. ಬಗೆಬಗೆಯಾಗಿ ವಿವರಣಾತ್ಮಕ ಅಂಕಿಗಳನ್ನಾದರೂ ಕೊಡಿ.

ಲಿಂಗಕ್ಕೆ: ಹೆಣ್ಣು, ಗಂಡು, ಟ್ರಾನ್ಸ್‌ಜೆಂಡರ್, ನಾನ್‌ಬೈನರಿ, 'ನನ್ನ ಮಾತಿನಲ್ಲಿ' ಎಂದು ಖಾಲಿ ಜಾಗ, 'ಹೇಳಲು ಇಷ್ಟವಿಲ್ಲ'. ಒಂದಕ್ಕಿಂತ ಹೆಚ್ಚು ಗುರುತಿಸಲು ಬಿಡಿ, 'ಇತರೆ' ಎಂಬ ಡಬ್ಬಿ ಬೇಡ. ಹುಟ್ಟಿದಾಗ ದಾಖಲಾದ ಲಿಂಗ ನಿಮ್ಮ ಸಂಶೋಧನೆಯ ಊಹೆಗೆ ಬೇಕಿಲ್ಲದಿದ್ದರೆ ಕೇಳಲೇಬೇಡಿ. ಐದಕ್ಕಿಂತ ಕಡಿಮೆ ಜನರಿರುವ ಕೋಷ್ಟಕದ ಮನೆಯನ್ನು ಪ್ರಕಟಿಸಿದರೆ ವ್ಯಕ್ತಿಯ ಗುರುತು ಸಿಕ್ಕಿಬಿಡಬಹುದು.

ಫಾರ್ಮ್‌ನ ವಿಷಯ: ಒಂಬತ್ತು ಐಟಂಗಳನ್ನು ಒಂದೇ ಕೋಷ್ಟಕದಲ್ಲಿ ತುಂಬಬೇಡಿ. ಎಷ್ಟೋ ಸರ್ವೆ ಸಾಧನಗಳಲ್ಲಿ ಸ್ಕ್ರೀನ್ ರೀಡರ್‌ಗೆ (ಪರದೆಯ ಬರಹವನ್ನು ಓದಿಹೇಳುವ ತಂತ್ರಾಂಶ) ಗುಂಡಿ ಯಾವ ಪ್ರಶ್ನೆಗೆ ಸೇರಿದ್ದೆಂಬುದೇ ತಪ್ಪಿಹೋಗುತ್ತದೆ. ಪ್ರಶ್ನೆಗೊಂದು ಗುಂಪು, ನಾಲ್ಕು ರೇಡಿಯೋ ಗುಂಡಿ, ಸ್ಲೈಡರ್ ಇಲ್ಲ. ಅಕ್ಷರ ಮತ್ತು ಹಿನ್ನೆಲೆಯ ಕಾಂಟ್ರಾಸ್ಟ್ ಕನಿಷ್ಠ 4.5:1. ಮೌಸ್ ಬದಿಗಿಟ್ಟು ಕೀಬೋರ್ಡ್‌ನಿಂದಲೇ ಕೊನೆವರೆಗೆ ಹೋಗಿ ನೋಡಿ. ಸನ್ನೆ ಭಾಷೆ ಬಳಸುವವರಿಗೆ ಬರಹದ ಭಾಷೆ ಎರಡನೆಯದಾಗಿರಬಹುದು, ಪ್ರತಿ ಐಟಂಗೂ ಉತ್ತರದ ಆಯ್ಕೆಗಳಿಗೂ ಸನ್ನೆ ಭಾಷೆಯ ವೀಡಿಯೊ ಬೇಕು. 'ತುಂಬಾ ಹೊತ್ತು ತೆಗೆದುಕೊಂಡವರನ್ನು ಕೈಬಿಡಲಾಗಿದೆ' ಎಂಬ ನಿಯಮ ಇಟ್ಟುಕೊಂಡಿದ್ದರೆ ದಯವಿಟ್ಟು ತೆಗೆಯಿರಿ. ಕಷ್ಟಪಟ್ಟು ಸೇರಿಸಿಕೊಂಡ ಜನರನ್ನೇ ಅದು ವಿಶ್ಲೇಷಣೆಯ ಹಂತದಲ್ಲಿ ಹೊರಗೆ ಹಾಕುತ್ತದೆ. ಚಿತ್ರ ನೋಡಿ ಉತ್ತರಿಸುವ ಗಮನ ಪರೀಕ್ಷೆಗಳೂ ಹಾಗೆಯೇ.

ಸಹಾಯಕರಿಂದ ಫಾರ್ಮ್ ತುಂಬಿಸಿದವರು ಎಷ್ಟು ಮಂದಿ ಎಂದು ತಿಳಿಯಲು ಒಂದು ಪ್ರಶ್ನೆ ಇಡಿ. ಮನೆಯವರು ಪಕ್ಕದಲ್ಲಿ ಕೂತಿರುವಾಗ ಯಾರೂ 9ನೇ ಐಟಂಗೆ ಮನಸ್ಸು ಬಿಚ್ಚಿ ಉತ್ತರಿಸಲಾರರು.

ಅಳತೆಗೋಲು:
ಆ 9ನೇ ಐಟಂ ಸಾವಿನ ಮತ್ತು ಸ್ವಯಂಹಾನಿಯ ಯೋಚನೆಯದು, ನೈತಿಕ ಸಮಿತಿ ಮೊದಲು ಕೇಳುವುದು ಅದನ್ನೇ. ಸರ್ವೆ ಅನಾಮಧೇಯವಾಗಿದ್ದರೆ ನೀವು ಯಾರನ್ನೂ ಸಂಪರ್ಕಿಸಲಾರಿರಿ. ಹಾಗಾಗಿ ಉತ್ತರ ಏನೇ ಇರಲಿ, ಎಲ್ಲರಿಗೂ ಸಹಾಯದ ಮಾಹಿತಿಯ ಪುಟ ತೋರಿಸಿ. ಅದು ಸ್ಕ್ರೀನ್ ರೀಡರ್‌ನಲ್ಲೂ ಸನ್ನೆ ಭಾಷೆಯಲ್ಲೂ ಸಿಗಲಿ. ಬರೀ ಫೋನ್ ನಂಬರ್ ಕೊಟ್ಟರೆ ಕಿವುಡರಿಗೆ ಅದು ಉಪಯೋಗವಿಲ್ಲ, ಸಂದೇಶ ಕಳಿಸುವ ದಾರಿಯೂ ಇರಬೇಕು. ಹೆಸರು ಪಡೆಯುವ ಅಧ್ಯಯನವಾದರೆ 0 ಅಲ್ಲದ ಉತ್ತರ ಬಂದಾಗ ಯಾರು, ಎಷ್ಟು ಹೊತ್ತಿನೊಳಗೆ ಸಂಪರ್ಕಿಸುತ್ತಾರೆ ಎಂಬುದು ಅರ್ಜಿಯಲ್ಲೇ ಬರಹದಲ್ಲಿರಲಿ. ಇಷ್ಟು ವ್ಯವಸ್ಥೆ ಆಗದು ಎಂದಾದರೆ ಪಿಎಚ್‌ಕ್ಯು-8 ತೆಗೆದುಕೊಳ್ಳಿ. 9ನೆಯದನ್ನು ಬಿಟ್ಟ ಆವೃತ್ತಿ ಅದು, ಮೊತ್ತ 24, ಕಡಿತದ ಅಂಕ ಅಲ್ಲಿಯೂ 10. 7 ಮತ್ತು 8ನೇ ಐಟಂಗಳ ತೊಡಕು ಮಾತ್ರ ಅದರಲ್ಲೂ ಹಾಗೆಯೇ ಇರುತ್ತದೆ, ಸಂದರ್ಶನಗಳನ್ನು ಬಿಡುವಂತಿಲ್ಲ.