ಅಪ್‌ಡೇಟ್: ಆ ಕೆಂಪು ಕಲೆ ಏನಂತ ಗೊತ್ತಾಯ್ತು

ಕಾಂಡೋಮ್ ಇಲ್ಲದೆ ಸೇರಿದ ಹತ್ತು ದಿನಕ್ಕೆ ಶಿಶ್ನದ ತುದಿಯಲ್ಲಿ ಕೆಂಪು ಕಲೆ, ತುರಿಕೆ ಅಂತ ಕೇಳಿದ್ದೆನಲ್ಲ, ಕೊನೆಗೂ ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ (ಲೈಂಗಿಕ ರೋಗಗಳನ್ನು ನೋಡುವ ವಿಭಾಗ) ಹೋದೆ. ಚೀಟಿ ಮಾಡಿಸುವಾಗ 'ಏನು ತೊಂದರೆ?' ಅಂದರು. 'ಚರ್ಮದ್ದು' ಅಂತ ಗೊಣಗಿದೆ.

ಡಾಕ್ಟರ್ ನೋಡಿದ್ದು ಅರ್ಧ ನಿಮಿಷ. ಕ್ಯಾಂಡಿಡಾ ಫಂಗಸ್ ಅಂತೆ. ಕ್ಲೋಟ್ರಿಮಜೋಲ್ ಮುಲಾಮು ಬರೆದರು, ಶುಗರ್ ಟೆಸ್ಟೂ ಮಾಡಿಸಿದರು, ನಾರ್ಮಲ್. ನಾನೇ ತಂದು ಹಚ್ಚಿದ್ದ ಕ್ರೀಮಿನಲ್ಲಿ ಸ್ಟಿರಾಯ್ಡ್ ಇತ್ತು, ಅದರಿಂದಲೇ ಜಾಸ್ತಿಯಾಗಿತ್ತಂತೆ.

ಇನ್ನು ಶಿಶ್ನದ ತುದಿಯ ಅಂಚಿನಲ್ಲಿ ಸಾಲಾಗಿದ್ದ ಸಣ್ಣ ಬಿಳಿ ಗುಳ್ಳೆಗಳು ರೋಗವೇ ಅಲ್ಲ, ಎಷ್ಟೋ ಗಂಡಸರಿಗೆ ಇರುತ್ತವಂತೆ. ಅದಕ್ಕೆ ಸುಮ್ನೆ ಎರಡು ವಾರ ನಿದ್ದೆಗೆಟ್ಟೆ, ನೋಡಿ!

ಎಚ್‌ಐವಿ, ಸಿಫಿಲಿಸ್ ಎರಡೂ ನೆಗೆಟಿವ್. ಆದರೆ ಇಷ್ಟು ಬೇಗ ಮಾಡಿಸಿದ ಟೆಸ್ಟನ್ನೇ ನಂಬಿ ಕೂರಬೇಡಿ, 3 ತಿಂಗಳಾದ ಮೇಲೆ ಮತ್ತೆ ಬನ್ನಿ ಅಂದಿದ್ದಾರೆ. ಅವತ್ತು ಜೊತೆಗಿದ್ದವಳಿಗೂ ಫೋನ್ ಮಾಡಿ ಹೇಳಿದೆ.