ಎರಡು ಸಂಬಳದ ರಾಯಭಾರಿ: ನಮ್ಮ ಬಳಗದ ಗುಂಪಿನಲ್ಲಿ

ನಾಗೇಶ: *ಫಾರ್ವರ್ಡ್* 🚨 ಜರ್ಮನಿಯ ಅಧಿಕಾರಿ ಲ್ಯಾಂಬ್ಸ್‌ಡಾರ್ಫ್ ಸಂಸದನೂ ಆದ, ರಾಯಭಾರಿಯೂ ಆದ!! 19 ವರ್ಷ ಎರಡೆರಡು ಸಂಬಳ!! ತೆರಿಗೆ ಕೇಸಲ್ಲಿ ಶಿಕ್ಷೆಯಾದವನೂ ಇವನೇ!! ಎಲ್ಲರಿಗೂ ಕಳಿಸಿ 🙏

ನಾಗೇಶ: ನೋಡಿ. ನಮ್ಮಲ್ಲಾದ್ರೆ ಕೆಲಸ ಬಿಟ್ಟೇ ಚುನಾವಣೆಗೆ ನಿಲ್ಲಬೇಕು.

ವಿದ್ಯಾ: ಎಲ್ಲಿಂದ ಬಂತಿದು ನಾಗಣ್ಣ?

ನಾಗೇಶ: ವಾಕಿಂಗ್ ಗ್ರೂಪು. ಎಲ್ಲ ಓದಿಕೊಂಡವರೇ.

ದೊಡ್ಡಪ್ಪ: ಎರಡು ದೋಣಿಲಿ ಕಾಲಿಟ್ಟವನು ಮುಳುಗಲೇಬೇಕು. ಈಗಿನವರಿಗೆ ಸಾಕು ಅನ್ನೋದೇ ಗೊತ್ತಿಲ್ಲ.

ವಿದ್ಯಾ: ದೋಣಿ ಒಂದೇ ದೊಡ್ಡಪ್ಪ. ಅಲ್ಲಿ ಸರ್ಕಾರಿ ನೌಕರ ಸಂಸದನಾದ ದಿನದಿಂದ ನೌಕರಿ ನಿಂತ ಹಾಗೆ. ಕೆಲಸವಿಲ್ಲ, ಆ ಸಂಬಳವೂ ಇಲ್ಲ. ಕಚೇರಿ ಗುಟ್ಟು ಬಿಡಬಾರದು, ಉಡುಗೊರೆ ಮುಟ್ಟಬಾರದು, ಇವೆರಡು ಕಟ್ಟುಪಾಡು ಮಾತ್ರ ಉಳಿಯುತ್ತೆ. ಸದಸ್ಯತ್ವ ಮುಗಿದು 3 ತಿಂಗಳೊಳಗೆ ಅರ್ಜಿ ಹಾಕಿದ್ರೆ ಮೊದಲಿನಷ್ಟೇ ಸಂಬಳದ ಹುದ್ದೆ ಕೊಡಲೇಬೇಕು. ತಡ ಮಾಡಿದ್ರೆ ಕೇಳೋ ಹಕ್ಕು ಹೋಯ್ತು.

ರಘು: ಜರ್ಮನಿ ಅಂದ್ರೆ ಅಜ್ಜನ ಟೆಲಿಫಂಕನ್ ರೇಡಿಯೊ!! ಬಿಸಿಯಾಗದೆ ಸೊಲ್ಲೇ ಎತ್ತುತ್ತಿರಲಿಲ್ಲ 😄

ಶಾರದತ್ತೆ: ಅದನ್ನ ಗುಜರಿಗೆ ಹಾಕಿದ್ದು ಯಾರು ಅಂತ ಹೇಳಲೇನೋ ನಾಗ?

ನಾಗೇಶ: ಅತ್ತೆ ಆ ವಿಷಯ ಈಗ್ಯಾಕೆ

ಶ್ರೀಧರ ಚಿಕ್ಕಪ್ಪ: ತೆರಿಗೆ ಕೇಸು ಈ ಅಲೆಕ್ಸಾಂಡರ್ ಲ್ಯಾಂಬ್ಸ್‌ಡಾರ್ಫ್‌ದಲ್ಲ. ಅವರ ದೊಡ್ಡಪ್ಪ ಒಟ್ಟೊ, ಆರ್ಥಿಕ ವ್ಯವಹಾರಗಳ ಮಂತ್ರಿ ಆಗಿದ್ದವರು (ಹಣಕಾಸು ಮಂತ್ರಿ ಅಲ್ಲ). ಫ್ಲಿಕ್ ಅನ್ನೋ ಕಂಪನಿ ಪಕ್ಷಗಳಿಗೆ ದುಡ್ಡು ಕೊಟ್ಟ ಹಗರಣ. 1984ರಲ್ಲಿ ರಾಜೀನಾಮೆ, 1987ರಲ್ಲಿ ದಂಡ.

ದೊಡ್ಡಪ್ಪ: ದೊಡ್ಡಪ್ಪಂದಿರನ್ನ ಮಧ್ಯೆ ಎಳೀಬೇಡಿ.

ಶ್ರೀಧರ ಚಿಕ್ಕಪ್ಪ: 😂 ಅಲೆಕ್ಸಾಂಡರ್ ವಾಷಿಂಗ್ಟನ್ ರಾಯಭಾರ ಕಚೇರೀಲಿದ್ದವರು. 2004ಕ್ಕೆ ಯುರೋಪಿಯನ್ ಸಂಸತ್ತು, 2017ಕ್ಕೆ ಬುಂಡೆಸ್ಟಾಗ್ ಅಂದ್ರೆ ಜರ್ಮನಿಯ ಸಂಸತ್ತು, 2023ಕ್ಕೆ ರಾಯಭಾರಿಯಾಗಿ ಮಾಸ್ಕೋ. ನಿಜವಾದ ಗಂಡಾಂತರ 2014ರದ್ದು. ಯುರೋಪ್ ಚುನಾವಣೇಲಿ ಅವರ ಪಕ್ಷ ಎಫ್‌ಡಿಪಿಗೆ ಬಿದ್ದಿದ್ದೇ ಶೇ. 3.4 ಮತ. ಶೇ. 5ಕ್ಕಿಂತ ಕಡಿಮೆ ಮತ ಬಿದ್ದ ಪಕ್ಷಕ್ಕೆ ಸೀಟೇ ಇಲ್ಲ ಅನ್ನೋ ಮಿತಿಯನ್ನ ಸಂವಿಧಾನ ಕೋರ್ಟು 2011ರಲ್ಲಿ ತೆಗೆದುಹಾಕಿರಲಿಲ್ಲ ಅಂದ್ರೆ ಪೂರ್ತಿ ಸೊನ್ನೆ. ಸಿಕ್ಕಿದ 3 ಸೀಟಲ್ಲಿ ಒಂದು ಇವರದ್ದು.

ನಾಗೇಶ: ಅಂದ್ರೆ ವಿದ್ಯಾ ಹೇಳಿದ್ದೆಲ್ಲ ಸರಿ, ನಾನು ಹಾಕಿದ್ದೆಲ್ಲ ಸುಳ್ಳು. ಯಾವಾಗಲೂ ಹೀಗೇ.

ಶಾರದತ್ತೆ: ರೇಡಿಯೊ ವಿಷಯ ಸುಳ್ಳಲ್ಲ.

ರಘು: ಅದರ ಗುಬುಟು ಒಂದು ನನ್ನ ಹತ್ರ ಇನ್ನೂ ಇದೆ!

ನಾಗೇಶ: ಸರಿ, ಸಂಸದ ಸ್ಥಾನ ಇಟ್ಕೊಂಡೇ ತಾನೆ ಮಾಸ್ಕೋಗೆ ಹೋಗಿದ್ದು?

ವಿದ್ಯಾ: ಬಿಟ್ಟೇ ಹೋದ್ರು. ಕ್ಷೇತ್ರದಿಂದ ಗೆದ್ದವರಲ್ಲ, ಪಕ್ಷದ ಅಭ್ಯರ್ಥಿ ಪಟ್ಟಿಯಿಂದ ಬಂದವರು, ಅದಕ್ಕೆ ಉಪಚುನಾವಣೆಯೂ ಇಲ್ಲ. ಪಕ್ಷದ ರಾಜ್ಯ ಪಟ್ಟೀಲಿ ಮುಂದಿದ್ದವರು ಒಳಗೆ ಬರ್ತಾರೆ.

ದೊಡ್ಡಪ್ಪ: ಉಪಚುನಾವಣೆ ಇಲ್ಲದೆ ಸಂಸದ! ನಾನು ಮೊದಲೇ ಹೇಳಲಿಲ್ವಾ.