ಖಾನಾಪುರ ಕಾಡಿನ ಸಿದ್ದಿ ಕುಟುಂಬ: ತಿರಸ್ಕಾರವಾದ ಅರಣ್ಯ ಹಕ್ಕು ಅರ್ಜಿಯನ್ನು ಮತ್ತೆ ಹಾಕಬಹುದಾ?

ಖಾನಾಪುರದ_ಸಿದ್ದಿ_ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮೂರು ಖಾನಾಪುರ ತಾಲೂಕಿನಲ್ಲಿ, ಲೋಂಡಾ ಕಡೆಯ ಕಾಡಿನೊಳಗೆ. ಊರು ಅಂದರೆ ಬೆರಳೆಣಿಕೆಯ ಮನೆಗಳು. ನಾವು ಸಿದ್ದಿ ಜನ. ನಾನು ಬೆಳಗಾವಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಕೆಲಸ ಮಾಡುತ್ತೇನೆ.

ಅಪ್ಪ ಎರಡು ಎಕರೆ ಚಿಲ್ಲರೆ ಜಮೀನು ಮಾಡುತ್ತಾರೆ. ತಗ್ಗಿನಲ್ಲಿ ಭತ್ತ, ದಿಬ್ಬದ ಮೇಲೆ ನಾಚಣಿ. ಬದುವಿನ ಮೇಲೆ ಅಜ್ಜ ಹಚ್ಚಿದ ಹಲಸಿನ ಮರಗಳಿವೆ. ಅಜ್ಜನೇ ತೋಡಿದ ಬಾವಿ ಇದೆ, ಒಳಗೆ ಸುತ್ತಲೂ ಕೆಂಪು ಜಂಬಿಟ್ಟಿಗೆ ಕಲ್ಲು ಕಟ್ಟಿದ್ದಾರೆ. ಹಗ್ಗ ಉಜ್ಜಿ ಉಜ್ಜಿ ಮೇಲಿನ ಕಲ್ಲಿನಲ್ಲಿ ಬೆರಳು ಹಿಡಿಸುವಷ್ಟು ಆಳದ ಗೆರೆಗಳು ಬಿದ್ದಿವೆ. ಬಾವಿಯ ಪಕ್ಕ ಹಿರಿಯರ ಕಲ್ಲು, ವರ್ಷಕ್ಕೊಮ್ಮೆ ಅಲ್ಲಿ ಎಡೆ ಇಡುತ್ತೇವೆ. ಆದರೆ ಉತಾರದಲ್ಲಿ (ಪಹಣಿಯಲ್ಲಿ) ಈ ಜಾಗ ಅರಣ್ಯ. ನಮ್ಮ ಹೆಸರು ಎಲ್ಲೂ ಇಲ್ಲ.

ಅರಣ್ಯ ಹಕ್ಕು ಕಾಯ್ದೆ ಬಂದ ಹೊಸದರಲ್ಲಿ ಅಪ್ಪ ಅರ್ಜಿ ಹಾಕಿದ್ದರು. ಆಗ ಹಳಿಯಾಳದ ಸಿದ್ದಿಗಳು ಎಸ್‌ಟಿ, ಬೆಳಗಾವಿ ಜಿಲ್ಲೆಯ ನಾವು ಅಲ್ಲ. ನನ್ನ ಸೋದರಮಾವನ ಮನೆ ಹಳಿಯಾಳ ತಾಲೂಕಿನಲ್ಲಿದೆ, ನಡೆದೇ ಹೋಗಬಹುದು. ಅದೇ ಜನ, ಅದೇ ಕಾಡು, ನಡುವೆ ಜಿಲ್ಲೆಯ ಗಡಿ. ಹಾಗಾಗಿ ನಮ್ಮನ್ನು ಇತರೆ ಪಾರಂಪರಿಕ ಅರಣ್ಯವಾಸಿಗಳ ಪಟ್ಟಿಗೆ ಹಾಕಿದರು. 75 ವರ್ಷದ ದಾಖಲೆ ಕೇಳಿದರು. ಓದು ಬರಹ ಬರದ ಮುತ್ತಜ್ಜನಿಗೆ 1930ರಲ್ಲಿ ಯಾರು ಕಾಗದ ಕೊಟ್ಟಿರುತ್ತಾರೆ? ಅರ್ಜಿ ಬಿದ್ದುಹೋಯಿತು. ಅದನ್ನೂ ಬಾಯಿಮಾತಿನಲ್ಲೇ ಹೇಳಿ ಕಳಿಸಿದರು.

ಈಚೆಗೆ ಅಪ್ಪನ ಜೊತೆ ಒಂದು ಕಚೇರಿಗೆ ಹೋಗಿದ್ದೆ. ಅಲ್ಲಿದ್ದವರೊಬ್ಬರು, "ನಿಮ್ಮನ್ನು ಪೋರ್ಚುಗೀಸರು ಆಫ್ರಿಕಾದಿಂದ ತಂದದ್ದಲ್ವಾ? ಇಲ್ಲಿ ನಿಮಗೆ ಪೂರ್ವಜರ ಭೂಮಿ ಎಲ್ಲಿಂದ ಬಂತು?" ಅಂದರು. ಅಪ್ಪ ಒಂದು ಮಾತೂ ಆಡಲಿಲ್ಲ. ಬಸ್ಸಿನಲ್ಲಿ ಬರುವಾಗಲೂ ಮಾತಾಡಲಿಲ್ಲ. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಕೇಳಬೇಕಾದದ್ದು ಇಷ್ಟು. ಈಗ ನಾವೂ ಎಸ್‌ಟಿ. ಮತ್ತೆ ಅರ್ಜಿ ಹಾಕಬಹುದಾ? ಟ್ರಂಕಿನಲ್ಲಿ ಅಜ್ಜನ ಹೆಸರಿನ ಹಳೆಯ ದಂಡದ ರಸೀದಿಗಳಿವೆ, ಕಾಡಿನಲ್ಲಿ ಸಾಗುವಳಿ ಮಾಡಿದ್ದಕ್ಕೆ ಕಟ್ಟಿಸಿಕೊಂಡದ್ದು. "ಅವನ್ನು ತೋರಿಸಬೇಡ, ತಪ್ಪು ಒಪ್ಪಿಕೊಂಡಂತೆ ಆಗುತ್ತದೆ" ಅನ್ನುತ್ತಾರೆ ಅಪ್ಪ. ಅದು ನಿಜವಾ? ಇನ್ನೊಂದು, ನಮ್ಮ ಹಾಗೆ ಗುಲಾಮರಾಗಿ ಬಂದು ಕಾಡು ಸೇರಿದ ಕಪ್ಪು ಜನ ಬೇರೆ ದೇಶಗಳಲ್ಲೂ ಇದ್ದಾರಂತೆ. ಅವರಿಗೆ ಭೂಮಿ ಸಿಕ್ಕಿದೆಯಾ?

ಗೋಕಾಕದ_ನಿವೃತ್ತ_ಸರ್ವೇಯರ್:

ತಂಗಿ, ಮೊದಲು ರಸೀದಿ ವಿಷಯ. ಅವನ್ನು ಇವತ್ತೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನ ಮಾಡಿ. ಝೆರಾಕ್ಸ್ ತೆಗೆಸಿ, ಫೋನಿನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳಿ. ಅಪ್ಪನ ಹೆದರಿಕೆ ನನಗೆ ಅರ್ಥವಾಗುತ್ತದೆ. ದಂಡ ಕಟ್ಟಿದವರಿಗೆ ಆ ಕಾಗದ ಅಂದರೆ ಅವಮಾನ. ಆದರೆ ನಿಮ್ಮ ಅಜ್ಜ ಆ ದಿನ ಆ ಜಾಗದಲ್ಲಿ ಉಳುತ್ತಿದ್ದರು ಅಂತ ಸರ್ಕಾರವೇ ಸಹಿ ಮಾಡಿ ಕೊಟ್ಟ ಕಾಗದ ಅದು. ಇದಕ್ಕಿಂತ ಗಟ್ಟಿ ಸಾಕ್ಷಿ ನಿಮ್ಮ ಕೈಗೆ ಸಿಗುವುದು ಕಷ್ಟ. ಕಾಯ್ದೆ ಬಂದದ್ದೇ ಇಂಥವರಿಗಾಗಿ. ಅದರ ಪೀಠಿಕೆಯಲ್ಲೇ ಕಾಡಿನ ಜನರಿಗೆ ಚಾರಿತ್ರಿಕ ಅನ್ಯಾಯ ಆಗಿದೆ ಅಂತ ಒಪ್ಪಿಕೊಂಡಿದ್ದಾರೆ.

ಇನ್ನು ಅರ್ಜಿ. ಉತ್ತರ ಕನ್ನಡದ ಸಿದ್ದಿಗಳು ಎಸ್‌ಟಿ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಯವರು ಸೇರಿದ್ದು 2020ರ ತಿದ್ದುಪಡಿಯಿಂದ. ಎಸ್‌ಟಿ ಆದವರಿಗೆ ಮೂರು ತಲೆಮಾರಿನ, 75 ವರ್ಷದ ಪರೀಕ್ಷೆ ಇಲ್ಲ. 2005ರ ಡಿಸೆಂಬರ್ 13ಕ್ಕಿಂತ ಮುಂಚಿನಿಂದ ಆ ಜಾಗ ನಿಮ್ಮ ಕೈಯಲ್ಲಿತ್ತು, ಕಾಡನ್ನೇ ನಂಬಿ ಅಲ್ಲೇ ಬದುಕುತ್ತಿದ್ದೀರಿ ಅಂತ ತೋರಿಸಿದರೆ ಸಾಕು. ಅರ್ಜಿ ಹಾಕಲು ಕಾಯ್ದೆಯಲ್ಲಿ ಕೊನೆಯ ದಿನಾಂಕ ಅಂತ ಇಲ್ಲ. ಹಳೆಯ ಅರ್ಜಿ ಬಿದ್ದದ್ದು ಬೇರೆ ಅಳತೆಗೋಲಿನಲ್ಲಿ. ಅದಕ್ಕೇ ನನ್ನ ಅಭಿಪ್ರಾಯದಲ್ಲಿ ಹೊಸದಾಗಿ ನಮೂನೆ ಎ, ಅಂದರೆ ವೈಯಕ್ತಿಕ ಹಕ್ಕಿನ ಅರ್ಜಿ ತುಂಬಿ, ಜಾತಿ ಪ್ರಮಾಣಪತ್ರ ಮತ್ತು 2020ರ ಕಾಯ್ದೆಯ ಪ್ರತಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟು ಗ್ರಾಮ ಸಭೆಗೆ ಕೊಡಿ.

ಜೊತೆಗೆ ಹಳೆಯ ತಿರಸ್ಕಾರದ ಆದೇಶದ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ತಿರಸ್ಕಾರ ಮಾಡಿದರೆ ಕಾರಣ ಬರೆದು ಅರ್ಜಿದಾರರ ಕೈಗೆ ತಲುಪಿಸಬೇಕು. ಆಮೇಲೆ 60 ದಿನದೊಳಗೆ ಮೇಲ್ಮನವಿ ಹಾಕಬಹುದು. ಬಾಯಿಮಾತಿನಲ್ಲಿ "ಆಗಲ್ಲ ಹೋಗಿ" ಅಂದರೆ ಮೇಲ್ಮನವಿಯ ದಾರಿಯನ್ನೇ ಮುಚ್ಚಿದಂತೆ. ಇದನ್ನು ನಾನು ಸರ್ವಿಸಿನಲ್ಲಿದ್ದಾಗ ಬೇಕಾದಷ್ಟು ನೋಡಿದ್ದೇನೆ. ಬಡವರಿಗೆ ಮಾತ್ರ ಬಾಯಿಮಾತಿನ ಆದೇಶ. ಉಳ್ಳವರು ಬಂದರೆ ಕಾಗದ ತಾನಾಗಿ ಟೈಪ್ ಆಗುತ್ತದೆ.

ಸಾಕ್ಷಿಗೆ ಅರಣ್ಯ ಹಕ್ಕು ನಿಯಮಗಳಲ್ಲಿ 13ನೇ ನಿಯಮ ಓದಿ. ಮತದಾರರ ಚೀಟಿ, ರೇಷನ್ ಕಾರ್ಡ್, ಮನೆ ತೆರಿಗೆ ರಸೀದಿ ನಡೆಯುತ್ತವೆ. ಕಾಗದ ಇಲ್ಲದವರಿಗೆ ಭೂಮಿಯೇ ಸಾಕ್ಷಿ ಹೇಳುತ್ತದೆ. ಮಟ್ಟ ಮಾಡಿದ ಗದ್ದೆ, ಹಾಕಿದ ಬದು, ಬಾವಿ, ಗೋರಿ, ದೇವರ ಜಾಗ ಎಲ್ಲ ಲೆಕ್ಕಕ್ಕೆ ಬರುತ್ತವೆ. ಒಂದಕ್ಕಿಂತ ಜಾಸ್ತಿ ಬಗೆಯ ಸಾಕ್ಷಿ ಇರಬೇಕು, ನಿಮ್ಮಲ್ಲಿ ಧಾರಾಳವಾಗಿ ಇದೆ. ಆ ಬಾವಿಯ ಕಲ್ಲಿನ ಗೆರೆಗಳನ್ನು ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಸ್ಥಳ ಪರಿಶೀಲನೆಗೆ ಬಂದಾಗ ಬಾವಿ, ಹಿರಿಯರ ಕಲ್ಲು, ಹಲಸಿನ ಮರಗಳ ಸುತ್ತಳತೆ ಪಂಚನಾಮೆಯಲ್ಲಿ ಸೇರಿದೆಯಾ ಅಂತ ಓದಿಸಿ ಕೇಳಿ, ಆಮೇಲೆ ಸಹಿ ಮಾಡಿ. ಖಾಲಿ ಹಾಳೆಗೆ ಅಪ್ಪನ ಹೆಬ್ಬೆಟ್ಟು ಒತ್ತಿಸಲು ಬಿಡಬೇಡಿ. ಉಪಗ್ರಹ ಚಿತ್ರದಲ್ಲಿ ಬರೀ ಮರ ಕಾಣುತ್ತದೆ ಅಂತ ಹೇಳಿದರೂ ಹೆದರಬೇಡಿ. ಅದು ಉಳಿದ ಸಾಕ್ಷಿಗೆ ಪೂರಕವೇ ಹೊರತು ಅದರ ಜಾಗಕ್ಕೆ ಬರುವಂತಿಲ್ಲ, ನಿಯಮದಲ್ಲೇ ಇದೆ.

ಇತ್ಯರ್ಥ ಆಗುವವರೆಗೆ ಒಕ್ಕಲೆಬ್ಬಿಸುವಂತಿಲ್ಲ, ಸೆಕ್ಷನ್ 4(5). 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಅರ್ಜಿ ತಿರಸ್ಕಾರವಾದವರನ್ನು ತೆರವು ಮಾಡಿ ಅಂದಿತ್ತು, ಅದೇ ತಿಂಗಳು 28ಕ್ಕೆ ತಾನೇ ತಡೆ ಕೊಟ್ಟಿತು. ಯಾರಾದರೂ ಆ ಮೊದಲ ಆದೇಶ ತೋರಿಸಿ ಹೆದರಿಸಿದರೆ ಎರಡನೆಯದನ್ನು ತೋರಿಸಿ.

ಹಳಿಯಾಳದ_ಅಣ್ಣ:

ತಂಗಿ, ನಾನೂ ಸಿದ್ದಿ. ನಮ್ಮ ಕಡೆ ಹಕ್ಕುಪತ್ರ ಸಿಕ್ಕವರಿದ್ದಾರೆ, ಸಿಗದವರೂ ಬಹಳ ಇದ್ದಾರೆ. ಎಸ್‌ಟಿ ಅಂದ ತಕ್ಷಣ ಎಲ್ಲ ಸುಲಭ ಅಂದುಕೊಳ್ಳಬೇಡಿ.

ಜಿಪಿಎಸ್ ಹಿಡಿದು ಅಳೆಯಲು ಬಂದಾಗ ಅಪ್ಪ ಒಬ್ಬರೇ ಇರಬಾರದು. ನಮ್ಮ ಮಾವ ಒಂದೂವರೆ ಎಕರೆ ಮಾಡುತ್ತಿದ್ದರು, ಪತ್ರದಲ್ಲಿ ಬಂದದ್ದು ಕೆಲವೇ ಗುಂಟೆ. ಮನೆ ಸುತ್ತ ಮಾತ್ರ ಸುತ್ತಿ ಹೋಗಿದ್ದರು. ಸರಿ ಮಾಡಿಸಲು ಇವತ್ತಿಗೂ ಓಡಾಡುತ್ತಿದ್ದಾರೆ. ನೀವೇ ಮುಂದೆ ನಡೆಯಿರಿ, ಅವರು ಹಿಂದೆ ಬರಲಿ. ಪ್ರತಿ ಮೂಲೆಯಲ್ಲೂ ನಿಲ್ಲಿಸಿ.

ಮತ್ತೆ ಬರೀ ಅಪ್ಪನ ಜಮೀನಿಗಷ್ಟೇ ನಿಲ್ಲಬೇಡಿ. ಊರಿಗೆಲ್ಲ ಸೇರಿ ನಮೂನೆ ಬಿ, ನಮೂನೆ ಸಿ ಹಾಕಿ, ಅವು ಸಮುದಾಯದ ಹಕ್ಕಿನ ಅರ್ಜಿಗಳು. ಜೇನು, ಶೀಗೆಕಾಯಿ, ದನ ಮೇಯುವ ಜಾಗ, ಮಸಣಕ್ಕೆ ಹೋಗುವ ದಾರಿ ಎಲ್ಲ ಅದರಲ್ಲಿ ಬರುತ್ತದೆ. ಒಬ್ಬರ ಅರ್ಜಿಯನ್ನು ಮೂಲೆಗೆ ಹಾಕುವುದು ಸುಲಭ. ಇಡೀ ಊರು ಬಂದು ಕೂತರೆ ಕಷ್ಟ. ಗೌಳಿ ಮನೆಗಳಿದ್ದರೆ ಅವರನ್ನೂ ಕರೆಯಿರಿ.

ಬೀಳಗಿ_ಮುಳುಗಡೆ:

ಅಕ್ಕಾ, ನಿಮ್ಮ ಕೊನೆಯ ಪ್ರಶ್ನೆಗೆ ನಾನು ಹೇಳುತ್ತೇನೆ. ನಾನು ಬಾಗಲಕೋಟೆಯಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಮ್ಮ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಹೋಯಿತು. ಉತಾರದಲ್ಲಿ ಹೆಸರಿದ್ದ ನಮ್ಮಪ್ಪನಿಗೆ ಹೊಲದ ಪರಿಹಾರ ಬಂತು. ನಮ್ಮ ಹೊಲದಲ್ಲೇ ತಲೆಮಾರುಗಟ್ಟಲೆ ದುಡಿದ ಮನೆಯವರಿಗೆ ಹೊಲದ ಲೆಕ್ಕದಲ್ಲಿ ಒಂದು ಪೈಸೆಯೂ ಬರಲಿಲ್ಲ. ಮಣ್ಣು ಯಾರದು ಅನ್ನುವ ಪ್ರಶ್ನೆ ನನ್ನನ್ನು ಹಿಡಿದದ್ದು ಅಲ್ಲಿಂದ.

ದಕ್ಷಿಣ ಅಮೆರಿಕದ ಸುರಿನಾಮ್ ದೇಶದಲ್ಲಿ ಸಾರಮಾಕಾ ಅಂತ ಜನ ಇದ್ದಾರೆ. ಡಚ್ಚರು ಕಬ್ಬಿನ ತೋಟಕ್ಕೆ ಆಫ್ರಿಕಾದಿಂದ ಹಿಡಿದು ತಂದವರ ಮಕ್ಕಳು, ಮೊಮ್ಮಕ್ಕಳು. ತೋಟದಿಂದ ತಪ್ಪಿಸಿಕೊಂಡು ಒಳಗಿನ ಕಾಡು ಸೇರಿದರು, ಡಚ್ಚರ ಜೊತೆ ಹೋರಾಡಿದರು. ಕೊನೆಗೆ 1762ರಲ್ಲಿ ಡಚ್ಚರೇ ಒಪ್ಪಂದ ಮಾಡಿಕೊಂಡು ಅವರನ್ನು ಸ್ವತಂತ್ರರು ಅಂತ ಒಪ್ಪಿದರು. ಇನ್ನೂರು ವರ್ಷ ಕಳೆದ ಮೇಲೆ, 1960ರ ದಶಕದಲ್ಲಿ, ಅಲ್ಯೂಮಿನಿಯಂ ಕಾರ್ಖಾನೆಗೆ ಕರೆಂಟ್ ಬೇಕು ಅಂತ ಅಫೊಬಾಕಾ ಅಣೆಕಟ್ಟು ಕಟ್ಟಿದರು. ಅವರ ಊರುಗಳು ಮುಳುಗಿದವು. ಅದನ್ನು ಓದುವಾಗ ನನಗೆ ಕೃಷ್ಣೆಯೇ ಕಣ್ಣ ಮುಂದೆ ಬಂದಳು. ಆಮೇಲೆ ಉಳಿದ ಕಾಡಿನಲ್ಲಿ ಮರ ಕಡಿಯಲು ಸರ್ಕಾರ ಕಂಪನಿಗಳಿಗೆ ಪರವಾನಗಿ ಕೊಟ್ಟಿತು, ಇವರನ್ನು ಒಂದು ಮಾತೂ ಕೇಳದೆ.

ಸಾರಮಾಕಾ ಜನ ಅಂತರ್-ಅಮೆರಿಕ ಮಾನವ ಹಕ್ಕು ನ್ಯಾಯಾಲಯದವರೆಗೆ ಹೋದರು. 2007ರ ನವೆಂಬರ್ 28ರಂದು ತೀರ್ಪು ಬಂತು. ನಿಮ್ಮ ಅಪ್ಪನಿಗೆ ಆ ಮನುಷ್ಯ ಕೇಳಿದ ಪ್ರಶ್ನೆಗೆ ಉತ್ತರ ಅದರಲ್ಲಿದೆ. ಇವರು ಆ ನೆಲದ ಮೂಲನಿವಾಸಿಗಳಲ್ಲ ಅನ್ನುವುದನ್ನು ನ್ಯಾಯಾಲಯ ಒಪ್ಪಿತು. ಆದರೂ ಇವರು ಬುಡಕಟ್ಟು ಸಮುದಾಯ, ತಮ್ಮದೇ ಕಟ್ಟುಪಾಡು ಇದೆ, ಆ ಕಾಡಿನ ಜೊತೆ ತಲೆಮಾರುಗಳ ಸಂಬಂಧ ಇದೆ, ಆದ್ದರಿಂದ ಭೂಮಿ ಸಮುದಾಯದ ಸ್ವತ್ತು ಅಂದಿತು. ದೊಡ್ಡ ಯೋಜನೆ ತರುವುದಾದರೆ ಮೊದಲೇ ಅವರ ಒಪ್ಪಿಗೆ ಬೇಕು ಅಂತಲೂ ಹೇಳಿತು. ಅಲ್ಲಿನ ಸರ್ಕಾರ ಅದನ್ನು ಪೂರ್ತಿ ಜಾರಿ ಮಾಡಿಲ್ಲ, ಅದೂ ನಿಜ.

ಬ್ರೆಜಿಲ್‌ನಲ್ಲಿ ಇಂಥವರ ಊರಿಗೆ ಕಿಲೊಂಬೊ ಅನ್ನುತ್ತಾರೆ. ಗುಲಾಮಗಿರಿ ಹೋದದ್ದು 1888ರಲ್ಲಿ, ಭೂಮಿಯ ಹಕ್ಕು ಸಂವಿಧಾನದಲ್ಲಿ ಬಂದದ್ದು 1988ರಲ್ಲಿ. ಪೂರ್ತಿ ನೂರು ವರ್ಷ. ಪತ್ರ ಸಮುದಾಯದ ಹೆಸರಿಗೆ ಬರುತ್ತದೆ, ಮಾರುವಂತಿಲ್ಲ. ಇದರ ಜಾರಿಗೆ 2003ರಲ್ಲಿ ಹೊರಡಿಸಿದ ಆದೇಶವನ್ನು ರದ್ದು ಮಾಡಿಸಲು ಒಂದು ಪಕ್ಷ ಕೋರ್ಟಿಗೆ ಹೋಯಿತು. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. 2022ರ ಜನಗಣತಿಯಲ್ಲಿ ಮೊದಲ ಸಲ ಇವರನ್ನು ಪ್ರತ್ಯೇಕವಾಗಿ ಎಣಿಸಿದರು, ಸುಮಾರು 13 ಲಕ್ಷ ಜನ. ಸರ್ಕಾರ ಗುರುತಿಸಿದ ಗಡಿಯೊಳಗೆ ಇರುವವರು ಅದರಲ್ಲಿ ನೂರಕ್ಕೆ 13 ಮಂದಿಯೂ ಇಲ್ಲ. 2023ರ ಆಗಸ್ಟ್‌ನಲ್ಲಿ ಬಾಹಿಯಾ ರಾಜ್ಯದಲ್ಲಿ ಬರ್ನಡೆಟ್ ಪಸಿಫಿಕೊ ಅನ್ನುವ ಹಿರಿಯ ನಾಯಕಿಯನ್ನು ಮನೆಯಲ್ಲೇ ಗುಂಡು ಹೊಡೆದು ಕೊಂದರು. ಇದನ್ನು ಹೇಳಿ ನಿಮ್ಮನ್ನು ಹೆದರಿಸುತ್ತಿಲ್ಲ ಅಕ್ಕಾ. ಅಲ್ಲೂ ಯಾರೂ ಸುಮ್ನೆ ಕೊಟ್ಟಿಲ್ಲ ಅಂತ ಗೊತ್ತಿರಲಿ ಅಷ್ಟೇ.

ಖಾನಾಪುರದ_ಸಿದ್ದಿ_ಮಗಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಸೀದಿ ವಿಷಯ ಅಪ್ಪನಿಗೆ ಫೋನಿನಲ್ಲೇ ಓದಿ ಹೇಳಿದೆ. "ಸರ್ವೇಯರ್ ಸಾಹೇಬರೇ ಹೇಳಿದರಾ?" ಅಂತ ಮತ್ತೆ ಮತ್ತೆ ಕೇಳಿದರು. ಸಾರಮಾಕಾ ಜನರ ಕಥೆಯನ್ನೂ ಹೇಳಿದೆ. ಆ ಕಚೇರಿಯಲ್ಲಿ ಇನ್ನೊಮ್ಮೆ ಯಾರಾದರೂ ಆಫ್ರಿಕಾ ಅಂದರೆ ನಾನೇ ಉತ್ತರ ಕೊಡುತ್ತೇನೆ.

ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಒಂದು ಸಂಶಯ ಉಳಿದಿದೆ. ಬಾವಿ ತೋಡಿದ್ದು, ದಂಡ ಕಟ್ಟಿದ್ದು ಎಲ್ಲ ಅಜ್ಜಿಗೆ ನೆನಪಿದೆ. ಅವರು ನಮ್ಮ ಮನೆಯವರೇ, ಅವರ ಹೇಳಿಕೆ ನಡೆಯುತ್ತದಾ?

ಗೋಕಾಕದ_ನಿವೃತ್ತ_ಸರ್ವೇಯರ್:

ಅರ್ಜಿದಾರರಲ್ಲದ ಹಿರಿಯರ ಹೇಳಿಕೆ ಅಂತ ನಿಯಮದಲ್ಲಿದೆ. ಅರ್ಜಿ ಅಪ್ಪನ ಹೆಸರಿನಲ್ಲಿದ್ದರೆ ಅಜ್ಜಿ ಅರ್ಜಿದಾರರಲ್ಲ, ಹಾಗಾಗಿ ನಡೆಯುತ್ತದೆ. ಆದರೂ ಮನೆಯವರು ಅಂತ ತಕರಾರು ತೆಗೆಯಬಹುದು. ಪಕ್ಕದ ಮನೆಯ ಇನ್ನೊಬ್ಬ ಹಿರಿಯರದ್ದನ್ನೂ ಸೇರಿಸಿ. ಹೇಳಿಕೆ ಬರಹದಲ್ಲಿ ಇರಲೇಬೇಕು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅದು ನಿಮ್ಮ ನೆನಪಿಗೆ. ಅವರು ಹೇಳಿದ ಮಾತಿನಲ್ಲೇ ಬರೆದು, ಓದಿ ಹೇಳಿ, ಗ್ರಾಮ ಸಭೆಯ ಅರಣ್ಯ ಹಕ್ಕು ಸಮಿತಿಯವರ ಮುಂದೆ ಸಹಿ ಹಾಕಿಸಿ.

ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೂ ಬರುತ್ತದೆ. ಅರ್ಜಿಯಲ್ಲಿ ಅಮ್ಮನ ಹೆಸರನ್ನು ಬಿಡಬೇಡಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಪತ್ರ ಪಡೆಯದೆ ಅಲ್ಲಿಂದ ಏಳಬೇಡಿ.